ಸೋಮವಾರದ ರಜೆ ಗೊತ್ತಿಲ್ಲದ ಪ್ರವಾಸ ಸಂಸ್ಥೆಗೆ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಪ್ರವಾಸದಲ್ಲಿ ಸೆಲ್ಯುಲಾರ್ ಜೈಲಿನ ಭೇಟಿ ತಪ್ಪಿಹೋದ ಬಗ್ಗೆ ದೂರು ಮತ್ತು ಹಣ ಮರುಪಾವತಿಗೆ ಕೋರಿಕೆ.

ಮಾನ್ಯರೇ,

ನಿಮ್ಮ ಅಂಡಮಾನ್ ಕರಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದ್ದದ್ದು ಸೆಲ್ಯುಲಾರ್ ಜೈಲು. ಕಡಲತೀರವಷ್ಟೇ ಬೇಕಿದ್ದರೆ ನಮಗೆ ಮಲ್ಪೆ, ಗೋಕರ್ಣ ಸಾಕಿತ್ತು. ಇತಿಹಾಸದ ನಿವೃತ್ತ ಅಧ್ಯಾಪಕರಾದ ನಮ್ಮ ತಂದೆಯವರು ಈ ವಯಸ್ಸಿನಲ್ಲಿ ಅಷ್ಟು ದೂರ ಹೊರಟದ್ದೇ ಆ ಜೈಲಿಗಾಗಿ. ಮುಂಗಡ ಕೊಡುವಾಗಲೇ ಇದನ್ನು ನಿಮ್ಮ ಪ್ರತಿನಿಧಿಗೆ ಹೇಳಿದ್ದೆವು.

ನೀವು ಆ ಭೇಟಿಯನ್ನು ಇಟ್ಟದ್ದು ಸೋಮವಾರ. ಸೋಮವಾರ ಜೈಲಿಗೆ ವಾರದ ರಜೆ. ಅಂದಿನ ಪಟ್ಟಿಯಲ್ಲೇ ಇದ್ದ ನೌಕಾಪಡೆಯ ಸಮುದ್ರಿಕಾ ವಸ್ತುಸಂಗ್ರಹಾಲಯಕ್ಕೂ ಅಂದೇ ರಜೆ! ಮುಚ್ಚಿದ ಬಾಗಿಲ ಮುಂದೆ ವ್ಯಾನ್ ನಿಲ್ಲಿಸಿದ ನಿಮ್ಮ ಗೈಡ್, "ಹೊರಗಿನಿಂದಲೇ ಫೋಟೊ ತೆಗೆದುಕೊಳ್ಳಿ ಸರ್" ಎಂದರು. ಹೊರಗಿನ ಫೋಟೊ ನಿಮ್ಮ ಕರಪತ್ರದಲ್ಲೇ ಇತ್ತು. 1896ರಿಂದ 1906ರವರೆಗೆ ಕಟ್ಟಿದ ಆ ಜೈಲಿನ ನಡುಗೋಪುರದಿಂದ ಚಾಚಿದ್ದ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಕೋಣೆಗಳ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುತ್ತದೆ. ಕೈದಿಗೆ ಮತ್ತೊಬ್ಬ ಕೈದಿಯ ಮುಖ ಕಾಣಬಾರದೆಂಬ ಲೆಕ್ಕಾಚಾರವದು. ಇದನ್ನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ನಮ್ಮ ತಂದೆಯವರು ಒಮ್ಮೆ ಒಳಗೆ ನಿಂತು ನೋಡಬಯಸಿದ್ದರು.

ಬದಲಿಗೆ ನಮಗೆ ಸಿಕ್ಕಿದ್ದು ಅಬರ್ಡೀನ್ ಬಜಾರಿನ ಚಿಪ್ಪಿನ ಸರದ ಅಂಗಡಿ. ನಮ್ಮ ಮುಖ ನೋಡಿ ಮರುಗಿದ ಚಾಲಕ ತಾನಾಗಿಯೇ ಚಾಥಮ್ ದ್ವೀಪಕ್ಕೆ ಕರೆದೊಯ್ದು, 1883ರ ಮರ ಕೊಯ್ಯುವ ಕಾರ್ಖಾನೆಯನ್ನೂ ಜಪಾನೀಯರ ಬಾಂಬು ಬಿದ್ದ ಗುಂಡಿಯನ್ನೂ ತೋರಿಸಿದ. ಅದು ನಿಮ್ಮ ಪಟ್ಟಿಯಲ್ಲಿರಲಿಲ್ಲ. ಆತನಿಗೆ ನಮ್ಮ ಕೃತಜ್ಞತೆ ತಲುಪಿಸಿ.

ಮರುದಿನ ಬೆಳಿಗ್ಗೆಯೇ ಸ್ವರಾಜ್ ದ್ವೀಪದ ಹಡಗು. ಅಲ್ಲಿಂದ ಮರಳಿದಾಗ ಕತ್ತಲಾಗಿತ್ತು, ಬೆಳಗಾದರೆ ವಿಮಾನ. ವೇಳಾಪಟ್ಟಿ ಬದಲಿಸಿ ಎಂದು ಸೋಮವಾರವೇ ಫೋನಿನಲ್ಲಿ ಕೇಳಿದ್ದಕ್ಕೆ, "ರಜೆ ಸರ್ಕಾರದ ತೀರ್ಮಾನ, ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರ ಬಂತು. ಬಿರುಗಾಳಿ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ಸೋಮವಾರ ಯಾವಾಗ ಬರುತ್ತದೆ ಎಂಬುದು ಪಂಚಾಂಗ ನೋಡದವರಿಗೂ ಗೊತ್ತು.

ಆ ದಿನದ ವಾಹನ, ಗೈಡ್ ಮತ್ತು ಪ್ರವೇಶ ಶುಲ್ಕದ ಬಾಬ್ತು ವಸೂಲು ಮಾಡಿದ ಹಣವನ್ನು 15 ದಿನಗಳೊಳಗೆ ಹಿಂತಿರುಗಿಸಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಬೇಡ. ತಪ್ಪಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ. ರಸೀದಿ ಹಾಗೂ ನೀವೇ ಕಳುಹಿಸಿದ ವೇಳಾಪಟ್ಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನೊಂದ ಗ್ರಾಹಕ