ತರ್ಕದ ಲ್ಯಾಬಿಗೆ ನಮ್ಮ ಜಿಲ್ಲೆಗಳ ನಕ್ಷೆ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆ ಪಠ್ಯಕ್ರಮಕ್ಕೆ ಸೇರಿದ ಮೇಲೆ ಹಲವು ಕಾಲೇಜುಗಳ ಲ್ಯಾಬಿಗೆ ಪ್ರೊಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಬಂದಿದೆ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ನಾನು ಕಂಡ ಮಟ್ಟಿಗೆ, ಮಾದರಿ ಪ್ರೋಗ್ರಾಂಗಳನ್ನು ಹಿರಿಯ ವಿದ್ಯಾರ್ಥಿಗಳ ರೆಕಾರ್ಡಿನಿಂದ ಇಳಿಸಿಕೊಂಡು, ಕೆಳಗೆ ಔಟ್‌ಪುಟ್ ಬರೆದು ಸಹಿ ಹಾಕಿಸಿಕೊಳ್ಳುವಲ್ಲಿಗೆ ಕಲಿಕೆ ಮುಗಿದುಹೋಗುತ್ತದೆ. ಚದುರಂಗದ ಹಲಗೆಯಲ್ಲಿ ಒಂದಕ್ಕೊಂದು ಹೊಡೆಯದಂತೆ ಎಂಟು ರಾಣಿಯರನ್ನು ಇಡುವ ಸಮಸ್ಯೆಗೆ 92 ಉತ್ತರಗಳಿವೆ ಎಂದು ವೈವಾದಲ್ಲಿ ಥಟ್ಟನೆ ಹೇಳುವವರೇ, ಪ್ರೋಗ್ರಾಮಿನ ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಏನಾದೀತು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ.

1972ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅಲೆನ್ ಕೋಲ್ಮೆರೋ ಮತ್ತು ಸಂಗಡಿಗರು ರೂಪಿಸಿದ ಈ ಭಾಷೆಯಲ್ಲಿ ನಾವು ಸಂಗತಿಗಳನ್ನೂ ನಿಯಮಗಳನ್ನೂ ಬರೆದುಕೊಟ್ಟು ಪ್ರಶ್ನೆ ಕೇಳುತ್ತೇವೆ. ತರ್ಕಕ್ಕೆ ಸಾಲುಗಳ ಕ್ರಮ ಮುಖ್ಯವಲ್ಲ. ಪ್ರೊಲಾಗ್ ಮಾತ್ರ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ, ಒಂದೊಂದು ನಿಯಮವನ್ನೂ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಈ ಎರಡರ ನಡುವಿನ ಅಂತರ ನಕಲು ಮಾಡಿದವರಿಗೆ ಕಾಣುವುದಿಲ್ಲ, ಪ್ರೋಗ್ರಾಮನ್ನು ಕೆಡಿಸಿ ನೋಡಿದವರಿಗಷ್ಟೇ ಕಾಣುತ್ತದೆ.

ನಕ್ಷೆಗೆ ಬಣ್ಣ ತುಂಬುವ ಹಳೆಯ ಮಾದರಿಯನ್ನೇ ತೆಗೆದುಕೊಳ್ಳೋಣ. ಪುಸ್ತಕದಲ್ಲಿರುವ ಆಸ್ಟ್ರೇಲಿಯಾದ ರಾಜ್ಯಗಳ ಜಾಗದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು, ವಿಜಯನಗರ ಜಿಲ್ಲೆಗಳನ್ನು ಇಟ್ಟು, ಒಂದಕ್ಕೊಂದು ತಾಗಿದ ಜಿಲ್ಲೆಗಳಿಗೆ ಒಂದೇ ಬಣ್ಣ ಬರಬಾರದೆಂದು ಬರೆಯಬಹುದು. ಮೊದಲ ಮೂರೂ ಪರಸ್ಪರ ತಾಗಿರುವುದರಿಂದ ಎರಡು ಬಣ್ಣ ಸಾಲುವುದಿಲ್ಲ. ಮೂರು ಬಣ್ಣ ಕೊಟ್ಟರೆ ಆರು ಉತ್ತರಗಳು ಬರುತ್ತವೆ; ವಿಜಯನಗರ ಬಳ್ಳಾರಿ, ಕೊಪ್ಪಳಗಳಿಗೆ ತಾಗಿದ್ದು ರಾಯಚೂರಿಗೆ ತಾಗದಿರುವುದರಿಂದ ಆರರಲ್ಲಿಯೂ ವಿಜಯನಗರಕ್ಕೆ ರಾಯಚೂರಿನ ಬಣ್ಣವೇ ಬೀಳುತ್ತದೆ. 2021ಕ್ಕೆ ಮುಂಚಿನ ಅವಿಭಜಿತ ಬಳ್ಳಾರಿಯ ನಕ್ಷೆ ಬೇಕೆಂದರೆ ಸಂಗತಿಗಳನ್ನು ತಿದ್ದಿದರೆ ಸಾಕು, ನಿಯಮವನ್ನು ಮುಟ್ಟಬೇಕಿಲ್ಲ.

ನಿಜವಾದ ಪಾಠ ಇರುವುದು ಇದರ ಮುಂದೆ. ಬಳ್ಳಾರಿಯ ನೆರೆ ಕೊಪ್ಪಳ ಎಂದಷ್ಟೇ ಬರೆದಿಟ್ಟು, ಕೊಪ್ಪಳದ ನೆರೆ ಬಳ್ಳಾರಿಯೇ ಎಂದು ಕೇಳಿದರೆ ಪ್ರೊಲಾಗ್ ಇಲ್ಲ ಎನ್ನುತ್ತದೆ, ಏಕೆಂದರೆ ಬರೆದುಕೊಟ್ಟದ್ದರಿಂದ ಸಾಧಿಸಲಾಗದ್ದೆಲ್ಲ ಅದರ ಪಾಲಿಗೆ ಸುಳ್ಳು. ಆಗ ವಿದ್ಯಾರ್ಥಿ ಸಹಜವಾಗಿಯೇ, ‘ಅ’ ಎಂಬುದಕ್ಕೆ ‘ಆ’ ನೆರೆಯಾದರೆ ‘ಆ’ ಎಂಬುದಕ್ಕೂ ‘ಅ’ ನೆರೆ ಎಂಬ ನಿಯಮ ಸೇರಿಸುತ್ತಾನೆ. ತರ್ಕದಲ್ಲಿ ಅದು ಪೂರ್ತಿ ಸರಿ. ಆದರೆ ತಾಗಿಕೊಂಡಿಲ್ಲದ ವಿಜಯನಗರ ಮತ್ತು ರಾಯಚೂರಿನ ಬಗ್ಗೆ ಕೇಳಿದೊಡನೆ ಯಂತ್ರ ಹೆಸರುಗಳನ್ನು ಹಿಂದುಮುಂದು ಮಾಡುತ್ತಾ ಉತ್ತರವನ್ನೇ ಕೊಡದೆ ಸುತ್ತತೊಡಗುತ್ತದೆ. ಸಂಗತಿಗಳಿಗೆ ಒಂದು ಹೆಸರು, ಎರಡೂ ದಿಕ್ಕಿನಿಂದ ನೋಡುವ ನಿಯಮಕ್ಕೆ ಬೇರೆಯೇ ಹೆಸರು ಕೊಟ್ಟರೆ ಸುತ್ತಾಟ ನಿಲ್ಲುತ್ತದೆ. ಯಂತ್ರದ ನಡೆಯನ್ನು ತೋರಿಸುವ ಟ್ರೇಸ್ ಹಾಕಿಕೊಂಡು ಇದನ್ನು ಹೆಜ್ಜೆಹೆಜ್ಜೆಯಾಗಿ ನೋಡಿದವರಿಗೆ, ನಿಯಮವೊಂದು ತನ್ನನ್ನೇ ಮತ್ತೆ ಕರೆಯುವ ಪುನರಾವರ್ತನೆಯ (ರಿಕರ್ಶನ್) ಕುರಿತು ಪ್ರತ್ಯೇಕ ಉಪನ್ಯಾಸ ಬೇಕಾಗದು.

ಅವೇ ವಾಕ್ಯಗಳನ್ನು ವಿಲಿಯಂ ಮೆಕ್ಯೂನ್ ಬರೆದ ಪ್ರೂವರ್9 ಎಂಬ ಸ್ವಯಂಚಾಲಿತ ಸಾಧಕಕ್ಕೆ (ಕೊಟ್ಟ ವಾಕ್ಯಗಳಿಂದ ಸಾಧನೆಯನ್ನು, ಅಂದರೆ ಪ್ರೂಫನ್ನು, ಹುಡುಕುವ ಪ್ರೋಗ್ರಾಮಿಗೆ) ಕೊಟ್ಟರೆ ಅದು ಸುತ್ತುವುದಿಲ್ಲ. ಕೊಪ್ಪಳ-ಬಳ್ಳಾರಿಗೆ ಸಾಧನೆಯನ್ನು ಸಾಲುಸಾಲಾಗಿ, ಯಾವ ಸಾಲು ಯಾವುದರಿಂದ ಬಂತೆಂಬ ಗುರುತಿನೊಡನೆ ಮುದ್ರಿಸುತ್ತದೆ. ವಿಜಯನಗರ-ರಾಯಚೂರಿಗೆ ಸಾಧನೆ ಸಿಗಲಿಲ್ಲ ಎನ್ನುತ್ತದೆಯೇ ಹೊರತು ಸುಳ್ಳು ಎನ್ನುವುದಿಲ್ಲ. ಗೊತ್ತಿಲ್ಲದ್ದು ಬೇರೆ, ಸುಳ್ಳು ಬೇರೆ ಎಂಬ ಈ ವಿವೇಕ ಗಣಕ ವಿಜ್ಞಾನಕ್ಕಷ್ಟೇ ಬೇಕಾದದ್ದಲ್ಲ ಎಂಬುದು ಬೇರೆ ಮಾತು. ದಶಕಗಳ ಕಾಲ ಗಣಿತಜ್ಞರಿಗೆ ಬಗ್ಗದಿದ್ದ, ತರ್ಕದ ಬೀಜಗಣಿತಕ್ಕೆ ಸೇರಿದ ರಾಬಿನ್ಸ್ ಸಮಸ್ಯೆಯನ್ನು 1996ರಲ್ಲಿ ಬಿಡಿಸಿದ್ದು ಇದೇ ಮೆಕ್ಯೂನ್ ಅವರ ಇನ್ನೊಂದು ಪ್ರೋಗ್ರಾಂ, ಇಕ್ಯೂಪಿ.

ಆದ್ದರಿಂದ ನಮ್ಮ ಭಾಗದ ವಿಶ್ವವಿದ್ಯಾಲಯಗಳ ಪಠ್ಯಕ್ರಮ ಸಮಿತಿಗಳು ರೆಕಾರ್ಡಿನ ಅಂಕಗಳನ್ನು ತಗ್ಗಿಸಿ, ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾದರಿ ಪ್ರೋಗ್ರಾಮನ್ನು ಮುದ್ರಿಸಿಯೇ ಕೊಟ್ಟು, ಅದರಲ್ಲೊಂದು ಬದಲಾವಣೆ ಮಾಡಿಸಿ, ಉತ್ತರ ಏಕೆ ಬದಲಾಯಿತೆಂದು ಬರೆಸುವ ಕ್ರಮ ತರಬೇಕೆಂದು ಕೋರುತ್ತೇನೆ. ಇದಕ್ಕೆ ಹೊಸ ಅನುದಾನವೇನೂ ಬೇಡ: ಪ್ರೊಲಾಗ್ ನಡೆಸುವ ತಂತ್ರಾಂಶವಾದ ಎಸ್‌ಡಬ್ಲ್ಯುಐ-ಪ್ರೊಲಾಗ್ ಉಚಿತವಾಗಿ ಸಿಗುತ್ತದೆ, ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲೂ ನಡೆಯುತ್ತದೆ, ಅದರಲ್ಲಿ ಜಿಲ್ಲೆಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು.

– ಓರ್ವ ಉಪನ್ಯಾಸಕ, ರಾಯಚೂರು