ಮೈನಸ್ ಚಿಹ್ನೆ

ಡೆಲ್ಫ್ಟ್, ನೆದರ್ಲೆಂಡ್ಸ್
ಭಾನುವಾರ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ.

ಅಮ್ಮನ ಪತ್ರ ನಿನ್ನೆ ಬಂತು. ಅಜ್ಜಿಯ ಕಾಲುನೋವು, ಮಾವಿನ ಮಿಡಿ, ಗೀತಕ್ಕನ ಮಗುವಿನ ತೊಟ್ಟಿಲು ಎಲ್ಲ ಬರೆದು, ನೀವು ಆಂಜಿಯೋಗ್ರಾಂ ಮುಂದಕ್ಕೆ ಹಾಕಿದ ಸಂಗತಿಯನ್ನು ಕೊನೆಯ ಸಾಲಿನಲ್ಲಿ ತುರುಕಿದ್ದಾಳೆ. ಕಲ್ಸಂಕದಿಂದ ರಥಬೀದಿಗೆ ಹೋಗುವಾಗ ಎರಡು ಕಡೆ ಎದೆ ಹಿಡಿದು ನಿಂತಿರಂತೆ. ಅಪ್ಪ, ನನ್ನ ಫೀಸಿಗೆಂದು ತಡೆದಿದ್ದರೆ ದಯವಿಟ್ಟು ಬೇಡ. ಮುಂದಿನ ಕಂತನ್ನು ವಿದ್ಯಾರ್ಥಿವೇತನದಲ್ಲೇ ಕಟ್ಟುತ್ತೇನೆ. ಅಮ್ಮನನ್ನು ಬಯ್ಯಬೇಡಿ.

ನಾನು ಕಲಿಯುತ್ತಿರುವ ಕ್ವಾಂಟಮ್ ಕಂಪ್ಯೂಟರಿನಲ್ಲಿ ಸೊನ್ನೆಯೂ ಒಂದೂ ಒಟ್ಟಿಗೆ ಇರುವುದು ಹೇಗೆ ಎಂದು ಕೇಳಿದ್ದಿರಿ. ಇಲ್ಲಿ ಮೊದಲು ಕಲಿಸಿದ್ದು ನೀವು ಪಿಯುಸಿಯಲ್ಲಿ ಹೇಳಿಕೊಟ್ಟ ಮ್ಯಾಟ್ರಿಕ್ಸನ್ನೇ. ಹ್ಯಾಡಮಾರ್ಡ್ ಎಂಬುದೊಂದಿದೆ: ನಾಲ್ಕು ಮನೆ, ಮೂರರಲ್ಲಿ 1, ಕೊನೆಯದರಲ್ಲಿ −1, ಇಡೀ ಮ್ಯಾಟ್ರಿಕ್ಸಿಗೆ √2ರ ಭಾಗಾಕಾರ. ಸೊನ್ನೆಯಲ್ಲಿರುವ ಕ್ವಾಂಟಮ್ ಬಿಟ್, ಅಂದರೆ ಕ್ಯೂಬಿಟ್‌ಗೆ ಅದನ್ನು ಒಮ್ಮೆ ಹಚ್ಚಿ ಅಳೆದರೆ ಸೊನ್ನೆ, ಒಂದು ಎರಡಕ್ಕೂ ಸಮ ಅವಕಾಶ. ಆದರೆ ನಡುವೆ ಅಳೆಯದೆ ಎರಡು ಸಲ ಹಚ್ಚಿದರೆ ಖಂಡಿತವಾಗಿ ಸೊನ್ನೆಯೇ ಬರುತ್ತದೆ! ಒಂದಕ್ಕೆ ಹೋಗುವ ಎರಡು ದಾರಿಗಳಲ್ಲಿ ಒಂದರ ಬೆಲೆ +½, ಇನ್ನೊಂದರದು −½. ಕೂಡಿದರೆ ಏನೂ ಉಳಿಯುವುದಿಲ್ಲ. ಚಿಮ್ಮಿದ ನಾಣ್ಯ ಹೀಗೆ ಎಂದಾದರೂ ನಡೆದುಕೊಂಡೀತೇ? ಮೊದಲ ಲೆಕ್ಕದಲ್ಲಿ ನಾನು ಆ ಮೈನಸ್ ಬಿಟ್ಟಿದ್ದೆ. ಸಂಭವನೀಯತೆಗಳ ಮೊತ್ತ 1 ಆಗುವ ಬದಲು 2 ಬಂತು. ನಿಮ್ಮ ಕೆಂಪು ಶಾಯಿ ನೆನಪಾಗಿ ಚಿಹ್ನೆಗಳನ್ನು ಮೊದಲಿನಿಂದ ನೋಡುತ್ತ ಬಂದೆ, ಸಿಕ್ಕಿತು.

ಪ್ರಯೋಗಾಲಯದಲ್ಲಿ ತೂಗುದೀಪದಂತೆ ಚಿನ್ನದ ಲೇಪದ ತಟ್ಟೆಗಳು ಇಳಿಬಿದ್ದ, ಕ್ಯೂಬಿಟ್ಟುಗಳನ್ನು ತಣ್ಣಗಿಡುವ ಶೀತಲಯಂತ್ರವನ್ನು ನೋಡಿದೆ. ಅದರ ತುದಿ ಅಂತರಿಕ್ಷಕ್ಕಿಂತಲೂ ತಣ್ಣಗಿರುತ್ತದೆ. 2015ರಲ್ಲಿ 1.3 ಕಿಲೋಮೀಟರ್ ದೂರದ ಎರಡು ವಜ್ರಗಳೊಳಗಿನ ಎಲೆಕ್ಟ್ರಾನ್‌ಗಳನ್ನು ಕ್ವಾಂಟಮ್ ನಂಟಿನಲ್ಲಿ ಹೆಣೆದು, ಆ ನಂಟನ್ನು ಹಳೆಯ ಭೌತಶಾಸ್ತ್ರದಿಂದ ವಿವರಿಸಲಾದೀತೇ ಎಂದು ನೋಡುವ ಬೆಲ್ ಪರೀಕ್ಷೆ ನಡೆಸಿದ್ದು ಇದೇ ವಿಶ್ವವಿದ್ಯಾಲಯದ ಆವರಣದಲ್ಲಿ. ನಿಮ್ಮ ಮಗಳು ದಿನವೂ ಅಲ್ಲೇ ಸೈಕಲ್ ತುಳಿಯುತ್ತಾಳೆ.

ಇಲ್ಲಿನ ಜನ, ದೊಡ್ಡವರೂ ಸಹ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರೆ. ಊರ ಸುತ್ತ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಹಸುಗಳು ಮೇಯುತ್ತವೆ. ಮಲ್ಪೆಯ ಮಾವನಿಗೆ ಹೇಳಿ.

ನನಗೇನೂ ಕಡಿಮೆಯಿಲ್ಲ. ಮೂರು ಹೊತ್ತು ಉಣ್ಣುತ್ತೇನೆ, ದಪ್ಪ ಕೋಟಿದೆ, ಕೋಣೆ ಬೆಚ್ಚಗಿದೆ, ಚೆನ್ನಾಗಿ ನಿದ್ದೆ ಬರುತ್ತದೆ. ಕುಚ್ಚಲಕ್ಕಿಯೂ ಸಿಕ್ಕಿದೆ, ನಿಜವಾಗಿಯೂ. ನೀವು ಈ ವಾರವೇ ಪರೀಕ್ಷೆ ಮಾಡಿಸಿ. ಒಬ್ಬರೇ ಹೋಗಬೇಡಿ, ತಮ್ಮನನ್ನು ಕರೆದುಕೊಂಡು ಹೋಗಿ. ದಿನ ಗೊತ್ತಾದ ಕೂಡಲೇ ಮೊಬೈಲಿಗೆ ತಿಳಿಸಿ, ನಡುರಾತ್ರಿಯಾದರೂ ಸರಿ.

ಗೆಳತಿ ಕೆಳಗೆ ಸೈಕಲ್ ಗಂಟೆ ಬಾರಿಸುತ್ತಿದ್ದಾಳೆ. ಅಮ್ಮನಿಗೆ ಬೇರೆ ಬರೆಯುತ್ತೇನೆ.

ಇತಿ ನಿಮ್ಮ ಮಗಳು
ಸುಮಾ