ಮುಂದೆ ನಡೆಯುವವನು ನೀನೇ

ಬದಿಯಡ್ಕ
ಆಗಸ್ಟ್ 17

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಮೊದಲ ಸಲ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದೆ, ಕ್ಯಾನುಗಳ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಎರಡನೇ ಸಲ ಮನೆಗೆ ಬಂದು ಕೇಳಿದೆ. ಮೂರನೇ ಸಲ ಕೇಳಿದ್ದು ನೀನು ನಿಜವಾಗಿ ಹಾಗೆ ಹೇಳಿದೆಯಾ ಅಂತ ನೋಡಲಿಕ್ಕೆ. 'ನನ್ನ ಮೊಣಕಾಲು ಸರಿಯಿಲ್ಲ, ನನ್ನಿಂದ ನಿಮಗೆಲ್ಲ ತಡ ಆಗ್ತದೆ, ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ಸೇರಿಸಿಕೊಳ್ಳಿ.' ಹೇಳಿದ್ದೀಯ. ಫೋನ್ ಮಾಡಿದರೆ ನೀನು ಮಾತು ತಿರುಗಿಸುತ್ತೀಯ, ನನಗೆ ಗೊತ್ತು. ಅದಕ್ಕೆ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು.

ಹಾಂಕಾಂಗಿನ ಈ ಓಟದ, ಆಕ್ಸ್‌ಫ್ಯಾಮ್ ಟ್ರೇಲ್‌ವಾಕರಿನ ಸುದ್ದಿ ನಮಗೆ ಹೇಳಿದ್ದು ಯಾರು? ನೀನು. ಎರಡು ವರ್ಷದ ಹಿಂದೆ ನೀನು ಶಾರ್ಜಾದಿಂದ ರಜೆಗೆ ಬಂದಿದ್ದೆ. ಬೇಕಲ ಕೋಟೆಯ ಕೆಳಗೆ ಮರಳಿನ ಮೇಲೆ ಓಡಿ ನೀನು, ನಾನು, ಮಾಷ್ಟ್ರು, ನರ್ಸಕ್ಕ ಸುಸ್ತಾಗಿ ಕೂತಿದ್ದೆವು. ಆಗ ನೀನು ಫೋನ್ ತೆಗೆದು ಆ ಬೆಟ್ಟಗಳನ್ನು ತೋರಿಸಿದೆ. ಮ್ಯಾಕ್ಲಿಹೋಸ್ ಟ್ರೇಲ್, 100 ಕಿಲೋಮೀಟರ್, 48 ಗಂಟೆಯ ಗಡುವು. ಒಬ್ಬೊಬ್ಬರೇ ಹೋಗುವ ಹಾಗಿಲ್ಲ, ನಾಲ್ವರ ತಂಡ ಆಗಬೇಕು. 1981ರಲ್ಲಿ ಗೂರ್ಖಾ ಸೈನಿಕರು ತರಬೇತಿಗೂ ದಾನಕ್ಕೂ ಅಂತ ಶುರುಮಾಡಿದ್ದು, 1986ರಲ್ಲಿ ಜನಸಾಮಾನ್ಯರಿಗೂ ತೆರೆದುಕೊಂಡಿತು ಅಂತ ನೀನೇ ಓದಿ ಹೇಳಿದೆ. ಮಾಷ್ಟ್ರು ಕೇಳಿದರು, 'ನಾಲ್ವರು ಯಾಕೆ?' ನೀನು ಅಂದೆ, 'ರಾತ್ರಿ ಬೆಟ್ಟದಲ್ಲಿ ಒಬ್ಬನಿಗೆ ಭಯ ಆಗ್ತದಲ್ಲ, ಅದಕ್ಕೆ.' ಆ ಉತ್ತರ ನನಗೆ ಇವತ್ತಿಗೂ ಇಷ್ಟ.

ಇಲ್ಲಿ ಏನೇನು ನಡೆದಿದೆ ಅಂತ ಹೇಳುತ್ತೇನೆ. ಅದರಲ್ಲೊಂದು ವಿಷಯವನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ.

ನಿನ್ನೆಗೆ ತುಳುವರ ಆಟಿ ತಿಂಗಳು ಮುಗಿಯಿತು. ಈ ಸಲದ ಮಳೆ ನಮ್ಮನ್ನು ಒಂದು ದಿನವೂ ಸುಮ್ನೆ ಬಿಡಲಿಲ್ಲ. ಶೂ ಒಣಗುವುದೇ ಇಲ್ಲ. ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ, ಕೊಬ್ಬರಿಯ ಪಕ್ಕದಲ್ಲಿ ನನ್ನ ಶೂ ಇಡುತ್ತಾರೆ. ಹೈವೇಯಲ್ಲಿ ಓಡುವುದನ್ನು ಬಿಟ್ಟೆವು. ಆರು ಪಥದ ಕೆಲಸ ಶುರುವಾದ ಮೇಲೆ ಅಲ್ಲಿ ಬದಿಯಲ್ಲಿ ಕಾಲಿಡಲು ಜಾಗ ಇಲ್ಲ. ಈಗ ನಮ್ಮದೆಲ್ಲ ಒಳದಾರಿ. ಪೆರ್ಲ, ಸ್ವರ್ಗ, ವಾಣಿನಗರ. ಭಾನುವಾರ ಉದ್ದ ಓಟ, ಸೋಮವಾರ ಬೆಳಿಗ್ಗೆ ಅದೇ ನೋಯುವ ಕಾಲಿನಲ್ಲಿ ಮತ್ತೆ ಎರಡು ಗಂಟೆ. ದಣಿದ ಕಾಲಿಗೆ ಕೆಲಸ ಕೊಟ್ಟು ಅಭ್ಯಾಸ ಆಗಬೇಕು ಅಂತ ನರ್ಸಕ್ಕ ಹೇಳುತ್ತಾರೆ. 

ಹಾಂಕಾಂಗಿನ ದಾರಿಯಲ್ಲಿ ಕಷ್ಟ ಕೊಡುವುದು ಮೆಟ್ಟಿಲುಗಳು. ಕಲ್ಲಿನದು, ಸಿಮೆಂಟಿನದು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಅದಕ್ಕೆ ಮಾಷ್ಟ್ರ ಮನೆಯಲ್ಲೇ ಉಪಾಯ ಸಿಕ್ಕಿತು. ಅವರ ಅಂಗಳದಿಂದ ಅಡಿಕೆ ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು ನಿನಗೆ ನೆನಪಿರಬೇಕು. ಎಣಿಸಿದೆವು, 84. ಬುಧವಾರ ಸಂಜೆ ಮೂವತ್ತು ಸಲ ಹತ್ತಿ ಇಳಿಯುತ್ತೇವೆ. ಹತ್ತಲು 2,520 ಮೆಟ್ಟಿಲು, ಇಳಿಯಲೂ ಅಷ್ಟೇ. ಮುರಕಲ್ಲಿನ ಮೇಲೆ ಪಾಚಿ ಹಿಡಿದು ಜಾರುತ್ತದೆ, ಮಾಷ್ಟ್ರ ಮನೆಯವರು ಅದಕ್ಕೆ ಅಡಿಕೆ ಸೋಗೆ ಹಾಸಿದ್ದಾರೆ. ಹತ್ತುವಾಗ ಏದುಸಿರು ಬರುತ್ತದೆ, ಅಷ್ಟೇ. ಇಳಿಯುವಾಗಲೇ ತೊಡೆ ಸುಡುವುದು. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಂಡೇ ಮೈಯ ಭಾರವನ್ನು ತಡೆಯಬೇಕು, ಮಾರನೇ ದಿನ ನೋಯುವುದು ಅದಕ್ಕೇ. ಮೊದಲ ವಾರ ನಾನು ಸೊಸೈಟಿಯ ಎರಡು ಮೆಟ್ಟಿಲು ಇಳಿಯಲಿಕ್ಕೂ ಗೋಡೆ ಹಿಡಿದಿದ್ದೆ. ಈಗ ಹಾಗಿಲ್ಲ.

ರಾಣಿಪುರಕ್ಕೆ ಎರಡು ಸಲ ಹೋದೆವು. 750 ಮೀಟರ್ ಎತ್ತರ. ಹಾಂಕಾಂಗಿನ ತೈ ಮೊ ಶಾನ್ 957 ಮೀಟರ್. ಅದು ಬರುವುದು 70 ಕಿಲೋಮೀಟರ್ ಆಸುಪಾಸಿನಲ್ಲಿ, ಕಾಲು ಸೋತ ಮೇಲೆ. ರಾಣಿಪುರದಲ್ಲಿ ಮಳೆಗಾಲದ ಜಿಗಣೆ ಹೇಳಬೇಕಾ? ಸಾಕ್ಸಿಗೆ ಉಪ್ಪೂ ಹೊಗೆಸೊಪ್ಪಿನ ನೀರೂ ಹಚ್ಚಿದ್ದರೂ ಮಾಷ್ಟ್ರ ಕಾಲಿನಿಂದ ಏಳು ತೆಗೆದೆವು. ಮೇಲೆ ಹುಲ್ಲಿನ ಬೋಳುಗುಡ್ಡ ತಲುಪಿದಾಗ ಮೋಡ ನಮ್ಮ ಕೆಳಗಿತ್ತು. ನೀನು ಇರಬೇಕಿತ್ತು.

ಊಟದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾವು ತುಂಬ ಕಲಿತೆವು. ಪೇಟೆಯಲ್ಲಿ ಸಿಗುವ ಎನರ್ಜಿ ಜೆಲ್ ನಾಲ್ಕು ಗಂಟೆಯ ಮೇಲೆ ನನಗೆ ಹೊಟ್ಟೆ ತೊಳಸುತ್ತದೆ. ಅದರ ಬದಲು ಈಗ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಸ್ವಲ್ಪ ತಿನ್ನುವುದು. ಅರ್ಧ ನೇಂದ್ರ ಬಾಳೆಹಣ್ಣು, ಬೆಲ್ಲ ಹಾಕಿ ಉಂಡೆ ಕಟ್ಟಿದ ಅವಲಕ್ಕಿ, ಫ್ಲಾಸ್ಕಿನಲ್ಲಿ ಉಪ್ಪು ಹಾಕಿದ ಗಂಜಿತಿಳಿ. ಎಲ್ಲಕ್ಕಿಂತ ಒಳ್ಳೆಯದು ಪುನರ್ಪುಳಿ ನೀರು, ಉಪ್ಪು ಸಕ್ಕರೆ ಎರಡೂ ಹಾಕಿದ್ದು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡ ಅಂತ ನರ್ಸಕ್ಕ ನಿನಗೂ ಹೇಳಲು ಹೇಳಿದ್ದಾರೆ. ಬೆವರಲ್ಲಿ ಉಪ್ಪು ಹೋಗುತ್ತದೆ. ಮೇಲಿಂದ ಬರೀ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತುತ್ತದೆ, ವಾಂತಿ ಬರುತ್ತದೆ, ಜಾಸ್ತಿಯಾದರೆ ಜೀವಕ್ಕೇ ಅಪಾಯ. ಶಾರ್ಜಾದ ಸೆಕೆಯಲ್ಲಿ ನೀನು ಇದನ್ನು ಮರೆಯಬಾರದು.

ಇನ್ನು ಆ ಹೇಳದ ವಿಷಯ.

ಜುಲೈ ಕೊನೆಯ ಶನಿವಾರ ನಾವು ರಾತ್ರಿ ಓಟ ಇಟ್ಟುಕೊಂಡಿದ್ದೆವು. ಒಂಬತ್ತಕ್ಕೆ ಹೊರಟು ಬೆಳಗಿನ ತನಕ. ಹಾಂಕಾಂಗಿನಲ್ಲಿ ಕನಿಷ್ಠ ಒಂದು ರಾತ್ರಿ ಪೂರ್ತಿ ಬೆಟ್ಟದಲ್ಲೇ ಕಳೆಯಬೇಕಲ್ಲ, ಅದರ ಅಭ್ಯಾಸ. ಪೊಸಡಿ ಗುಂಪೆಯ ಪಕ್ಕದಿಂದ ಧರ್ಮತ್ತಡ್ಕದ ಕಡೆಗೆ ಇಳಿಯುವಾಗ ಎರಡೂವರೆ ಗಂಟೆ. ಮಾಷ್ಟ್ರು ಆ ದಿನ ಬಂದಿರಲಿಲ್ಲ, ಅವರ ಮಗುವಿಗೆ ಜ್ವರ. ನಾನೂ ನರ್ಸಕ್ಕನೂ ಇಬ್ಬರೇ. ನನಗೆ ಕಾಲು ಹಗುರ ಇತ್ತು. ಇಳಿಜಾರು ಬಂದದ್ದೇ ಓಡಿದೆ. ಹಿಂದೆ ಬರ್ತಾರೆ ಅಂದುಕೊಂಡೆ. ಮಳೆ ಜೋರಾಯಿತು. ತಿರುಗಿ ನೋಡಿದಾಗ ಅವರ ಹಣೆಯ ಲೈಟು ಕಾಣಲಿಲ್ಲ. ಐದು ನಿಮಿಷ ನಿಂತೆ, ಬರಲಿಲ್ಲ. ಕರೆದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ವಾಪಸ್ ಓಡಿದೆ. ಒಂದೂವರೆ ಕಿಲೋಮೀಟರ್ ಇರಬೇಕು. ಅವರು ಒಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಲೈಟಿಗೆ ನೀರು ಹೋಗಿ ಆರಿತ್ತು. ಪಾದ ತಿರುಚಿತ್ತು. ಫೋನ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನನ್ನ ಬ್ಯಾಗಿನಲ್ಲೇ ಇಟ್ಟಿದ್ದರು. ಆ ಕತ್ತಲಲ್ಲಿ, ಕೆಳಗೆ ತೋಡು ತುಂಬಿ ಹರಿಯುವಾಗ, ಕೈಯಲ್ಲೊಂದು ಕೋಲು ಹಿಡಿದು ಕೂತಿದ್ದರು. ಅಳುತ್ತಿರಲಿಲ್ಲ. ಬೈಯಲೂ ಇಲ್ಲ. 'ನಾಯಿ ಎರಡು ಬಂದಿತ್ತು, ಓಡಿಸಿದೆ' ಅಂದರು. ಅಷ್ಟೇ. ನಾನು ಅವರ ಕಾಲಿನ ಬಳಿ ಕೂತು ಶೂ ಬಿಚ್ಚಿದೆ. ಸಾಕ್ಸು ತೆಗೆಯುವಾಗ ನನ್ನ ಬೆರಳು ನಡುಗುತ್ತಿತ್ತು. ಅವರದಲ್ಲ, ನನ್ನದು.

ಬೆಳಕು ಹರಿಯುವ ತನಕ ಹೆಗಲು ಕೊಟ್ಟು ನಡೆಸಿದೆ. ದಾರಿಯಲ್ಲಿ ಒಂದು ತೋಟದ ಅಂಚಿನಲ್ಲಿ ಸುರಂಗದ ನೀರು ಬೀಳುತ್ತಿತ್ತು. ಗುಡ್ಡವನ್ನು ಅಡ್ಡಕ್ಕೆ ಕೊರೆದು ಅಜ್ಜಂದಿರು ತಂದ ನೀರು, ಪಂಪಿಲ್ಲ, ಕರೆಂಟಿಲ್ಲ. ಅಲ್ಲಿ ಕಾಲಿಟ್ಟು ಅರ್ಧ ಗಂಟೆ ಕೂತರು. ಬಾವು ಸ್ವಲ್ಪ ಇಳಿಯಿತು. ಅಲ್ಲೇ ಕೂತು ಅವರು ಹೇಳಿದರು, 'ಇನ್ನು ಮೇಲೆ ನಿಧಾನ ಇರುವವರು ಮುಂದೆ.' ಅದೇ ಈಗ ನಮ್ಮ ತಂಡದ ಕಾನೂನು. ಆ ದಿನ ಯಾರ ಕಾಲು ಸೋತಿದೆಯೋ ಅವರು ಮುಂದೆ ನಡೆಯಬೇಕು, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ. ಹಿಂದಿನವರ ಲೈಟು ಕಾಣದಿದ್ದರೆ ನಿಂತಲ್ಲೇ ನಿಲ್ಲಬೇಕು. ಮೂರು ವಾರ ಹಾಗೇ ಓಡಿದ್ದೇವೆ. ನರ್ಸಕ್ಕನ ಹಿಂದೆ ನಿಧಾನ ನಡೆಯುವುದು ನನಗೆ ವೇಗವಾಗಿ ಓಡುವುದಕ್ಕಿಂತ ಕಷ್ಟ ಆಯಿತು. ಆದರೆ ಆ ಲೆಕ್ಕದಲ್ಲಿ ಉದ್ದ ಓಟ ಮುಗಿಸಿದಾಗ ನಮ್ಮ ಮೂವರಲ್ಲಿ ಯಾರಿಗೂ ಕಾಲು ಹಿಡಿಯಲಿಲ್ಲ.

ಈಗ ಅರ್ಥ ಆಯಿತಾ, ನಿನ್ನ ಮೆಸೇಜು ನನಗೆ ಯಾಕೆ ನಾಟಿತು ಅಂತ? ಒಂದು ಸಲ ಒಬ್ಬರನ್ನು ಹಿಂದೆ ಬಿಟ್ಟು ಓಡಿದ್ದೇನೆ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ.

ನಿನ್ನ ಮೊಣಕಾಲಿನ ಹೊರಬದಿಯ ನೋವು, ಇಳಿಯುವಾಗ ಜಾಸ್ತಿ, ನಿಂತರೆ ಕಡಿಮೆ ಅಂದೆಯಲ್ಲ. ತೊಡೆಯ ಹೊರಗಡೆಯ ಪಟ್ಟಿ ಮೊಣಕಾಲಿನ ಹತ್ತಿರ ಕೆರಳಿದರೆ ಹಾಗೆ ಆಗುವುದುಂಟು ಅಂತ ನರ್ಸಕ್ಕ ಹೇಳಿದರು. ಆದರೆ ನೋಡದೆ ಹೇಳಲಿಕ್ಕಾಗದು, ಫಿಸಿಯೋಥೆರಪಿಯವರಿಗೆ ತೋರಿಸು. ಅಲ್ಲಿಯತನಕ ಓಡಬೇಡ, ನಡೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಇಳಿಸು, ಸೊಂಟದ ಬದಿಯ ಸ್ನಾಯು ಗಟ್ಟಿಯಾಗಬೇಕು. ನಿನ್ನ ಬಿಲ್ಡಿಂಗಿನಲ್ಲಿ ಲಿಫ್ಟಿನಲ್ಲಿ ಇಳಿ, ಮೆಟ್ಟಿಲಲ್ಲಿ ಹತ್ತು. ಇನ್ನೂ ಮೂರು ತಿಂಗಳಿದೆ. ನಾವು ಯಾರ ದಾಖಲೆ ಮುರಿಯಲೂ ಹೊರಟಿಲ್ಲ. 48 ಗಂಟೆ ಅಂದರೆ ಗಂಟೆಗೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಷ್ಟನ್ನು ನೀನು ನಡೆಯುತ್ತೀಯ.

ದುಡ್ಡಿನ ಬಗ್ಗೆಯೂ ಹೇಳಬೇಕು. ಟಿಕೇಟು, ಅಲ್ಲಿನ ಖರ್ಚು ಎಲ್ಲ ನಮ್ಮದೇ ಅಂತ ಮೊದಲೇ ಮಾತಾಗಿತ್ತು. ನಾನು ಅದಕ್ಕೇ ಚಿಟ್ಟಿ ಹಾಕಿದ್ದೆ, ಜೂನಿನಲ್ಲಿ ಎತ್ತಿದೆ. ಜನ ಕೊಟ್ಟದ್ದು ಪೂರ್ತಿ, ಓಟ ನಡೆಸುವ ಆಕ್ಸ್‌ಫ್ಯಾಮ್ ಸಂಸ್ಥೆಯ ಬಡತನ ನೀಗಿಸುವ ಕೆಲಸಕ್ಕೆ ಹೋಗಬೇಕು. ಸೊಸೈಟಿಗೆ ಹಾಲು ತರುವ ಅಜ್ಜ ಒಬ್ಬರು ಒಂದು ದಿನ ಕೇಳಿದರು, 'ನಮ್ಮೂರಲ್ಲೇ ಇಷ್ಟು ಕಷ್ಟ ಇರುವಾಗ ಅಷ್ಟು ದೂರ ಹೋಗಿ ಓಡಬೇಕಾ ಮಗಾ?' ನನಗೆ ತಕ್ಷಣ ಉತ್ತರ ಬರಲಿಲ್ಲ. ಪ್ರಶ್ನೆ ಸರಿಯೇ. ನಾವು ಭಾನುವಾರ ಓಡುವ ದಾರಿಯೇ ಎಣ್ಮಕಜೆಯದ್ದು. 2000ದ ತನಕ ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು, 2017ರಲ್ಲಿ ಅದರಿಂದ ನರಳುವವರಿಗೆ ತಲಾ ಐದು ಲಕ್ಷ ಕೊಡಿ ಅಂತ ಸರಕಾರಕ್ಕೆ ಹೇಳಿತು. ಆದರೆ ಮಂಚ ಬಿಟ್ಟು ಏಳಲಾಗದ ಮಕ್ಕಳನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿಗೆ ಪ್ರತಿ ಬೆಳಿಗ್ಗೆ ಅದೇ ಕೆಲಸ. ಆ ಮನೆಗಳ ಮುಂದೆ ಓಡಿಕೊಂಡು ಹೋಗಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ. ಅಲ್ಲಿ ನಾವು ಮೂವರೂ ನಡೆಯುತ್ತೇವೆ.

ಅಜ್ಜ ಕೇಳಿದ ಮೇಲೆ ಮಾಷ್ಟ್ರು ಒಂದು ಡಬ್ಬಿ ಇಟ್ಟರು. ಅಭ್ಯಾಸದ ಒಂದೊಂದು ಕಿಲೋಮೀಟರಿಗೆ ಒಬ್ಬೊಬ್ಬರು ಹತ್ತು ರೂಪಾಯಿ. ಒಟ್ಟಿಗೆ ಓಡಿದ್ದು ನಿನ್ನೆಗೆ 412 ಕಿಲೋಮೀಟರ್, ಮೂವರದ್ದು ಸೇರಿ 12,360 ರೂಪಾಯಿ. ಅದು ಇಲ್ಲಿಗೇ, ವಿಶೇಷ ಮಕ್ಕಳು ಕಲಿಯುವ ಬಡ್ಸ್ ಶಾಲೆಗೆ. ದೊಡ್ಡ ಮೊತ್ತ ಅಲ್ಲ, ಗೊತ್ತು. ಅಜ್ಜನಿಗೆ ಹೇಳಿದೆ. ಅವರು ಆ ದಿನದ ಹಾಲಿನ ದುಡ್ಡಿನಿಂದ ಇಪ್ಪತ್ತು ರೂಪಾಯಿ ತೆಗೆದು, 'ಇದು ಇಲ್ಲಿಯದ್ದಕ್ಕೆ' ಅಂತ ಒಂದು ಹತ್ತರ ನೋಟು, 'ಇದು ಅಲ್ಲಿಯದ್ದಕ್ಕೆ' ಅಂತ ಇನ್ನೊಂದು ಕೊಟ್ಟರು. ನಮ್ಮ ಬೀದಿಯಲ್ಲಿ ಬೀಡಿ ಕಟ್ಟುವ ಅಕ್ಕ ನೂರು ರೂಪಾಯಿ ಕೊಟ್ಟಿದ್ದಾರೆ. ಆ ನೂರು ಅವರಿಗೆ ಎಷ್ಟು ಹೊತ್ತಿನ ಕೆಲಸ ಅಂತ ನಿನಗೂ ಗೊತ್ತು, ನಿನ್ನ ಅಮ್ಮನೂ ಕಟ್ಟಿದವರೇ ಅಲ್ವಾ. ಅವರು ಕೇಳಿದ್ದು ಒಂದೇ, 'ನಾಲ್ಕೂ ಜನ ಹೋಗ್ತೀರಲ್ಲ?' ಹೂಂ ಅಂದಿದ್ದೇನೆ.

ವೀಸಾ ತಲೆನೋವಿಲ್ಲ. ನಮ್ಮ ಪಾಸ್‌ಪೋರ್ಟಿಗೆ ಮೊದಲೇ ಆನ್‌ಲೈನಿನಲ್ಲಿ ನೋಂದಣಿ ಮಾಡಿಸಿಕೊಂಡರೆ 14 ದಿನ ಇರಬಹುದು. ಫೀಸೂ ಇಲ್ಲ. ಇಲ್ಲಿನ ಮೂವರದ್ದು ಮಾಷ್ಟ್ರು ಮುಗಿಸಿದ್ದಾರೆ. ನಿನ್ನದು ಈ ವಾರ ನೀನೇ ಮಾಡು.

ಆ ಟ್ರೇಲಿನಲ್ಲಿ ಅರ್ಧ ಕಿಲೋಮೀಟರಿಗೊಂದು ಕಂಬ ಇದೆ, ಒಟ್ಟು 200. ಪ್ರತಿ ಕಂಬಕ್ಕೂ ನಂಬರ್. ನಾನು ಒಂದು ನೋಟ್‌ಬುಕ್ಕಿನಲ್ಲಿ ಅವನ್ನು ಬರೆದು ನಾಲ್ವರಿಗೆ ಹಂಚಿದ್ದೇನೆ, ಎಲ್ಲಿ ಯಾರು ಮುಂದೆ ಅಂತ. ಮಂಗಗಳಿರುವ ಕಾಡಿನ ಭಾಗ ಮಾಷ್ಟ್ರಿಗೆ, ಶಾಲೆಯಲ್ಲಿ ಅವರಿಗೆ ಅಭ್ಯಾಸ ಇದೆ. ತೈ ಮೊ ಶಾನ್ ಹತ್ತುವುದು ನರ್ಸಕ್ಕ. ಅಲ್ಲಿಂದ ಇಳಿಯುವ ಭಾಗಕ್ಕೆ ನಿನ್ನ ಹೆಸರು ಬರೆದಿದ್ದೇನೆ. ನಿನಗೆ ಇಳಿಯುವಾಗಲೇ ನೋವು, ಅದಕ್ಕೇ ಅಲ್ಲಿ ನೀನು ಮುಂದೆ. ನಿನ್ನ ಹಿಂದೆ ನಾನಿರುತ್ತೇನೆ. ನೀನು ಕೂತರೆ ಕೂರುತ್ತೇನೆ.

ಅಮ್ಮ ಪುನರ್ಪುಳಿ ಸಿಪ್ಪೆ ಒಣಗಿಸಿ ಎರಡು ಡಬ್ಬಿ ಇಟ್ಟಿದ್ದಾರೆ. ಮಳೆ ಬರುವ ಮೊದಲು ಮೇ ತಿಂಗಳಲ್ಲೇ ಒಣಗಿಸಿದ್ದು, ಬೂಷ್ಟು ಬಂದಿಲ್ಲ. ಒಂದರ ಮೇಲೆ ನಿನ್ನ ಹೆಸರಿನ ಚೀಟಿ ಅಂಟಿಸಿದ್ದಾರೆ. ನಿಮ್ಮ ಕಡೆಯವರು ಯಾರಾದರೂ ಓಣಂ ರಜೆ ಮುಗಿಸಿ ಹೊರಡುವವರಿದ್ದರೆ ಹೇಳು, ಕೊಟ್ಟು ಕಳಿಸುತ್ತೇನೆ. ಮಾಷ್ಟ್ರು ನಾಡಿದ್ದು ಮಂಗಳೂರಿಗೆ ಹೋಗುತ್ತಾರೆ, ನಾಲ್ವರಿಗೂ ಒಂದೇ ಬಗೆಯ ದಪ್ಪ ಸಾಕ್ಸು ತರುತ್ತಾರಂತೆ. ನಿನ್ನ ಸೈಜು ಇವತ್ತು ರಾತ್ರಿಯೊಳಗೆ ಕಳಿಸು.

ನಿನ್ನ
ಗೆಳೆಯ